ಬೆಳಕುಗ್ರಾಹಿ ಕೋಶಗಳ ಮರಣ: ಕಾರಣವಿಚಾರದ ಒಂದು ವಿಮರ್ಶೆ

೧

ಕಣ್ಣಿನ ಹಿಂಬದಿಯ ಅಕ್ಷಿಪಟಲದಲ್ಲಿ ಬೆಳಕನ್ನು ಹಿಡಿಯುವ ಕೋಶಗಳು ಏಕೆ ಸಾಯುತ್ತವೆಂಬ ಪ್ರಶ್ನೆಯನ್ನು ಇತಿಹಾಸದ ಅಧ್ಯಾಪಕರು ಕೈಗೆತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ನಾವು ವೈದ್ಯರಲ್ಲ, ಪ್ರಯೋಗಶಾಲೆಯ ಸಂಶೋಧಕರೂ ಅಲ್ಲ. ಆದರೆ ಒಂದು ಸಂಗತಿ ಏಕೆ ಸಂಭವಿಸಿತು, ಅದಕ್ಕೆ ಮೂಲಕಾರಣ ಯಾವುದು, ನಿಮಿತ್ತ ಯಾವುದು, ಪರಿಣಾಮ ಯಾವುದು ಎಂದು ವಿಂಗಡಿಸುವುದೇ ನಮ್ಮ ಶಾಸ್ತ್ರದ ನಿತ್ಯದ ಕೆಲಸ. ಅಕ್ಷಿಪಟಲದ ಕ್ಷಯರೋಗಗಳನ್ನು ಕುರಿತು ಕಳೆದ ನೂರೈವತ್ತು ವರ್ಷಗಳಲ್ಲಿ ಬೆಳೆದು ಬಂದ ವಿಚಾರವು ಬಹುಮಟ್ಟಿಗೆ ಕಾರಣಗಳ ವಿಚಾರವೇ ಆಗಿದೆ. ಆ ಕಾರಣಮೀಮಾಂಸೆ ಎಲ್ಲಿ ದೃಢವಾಗಿದೆ, ಎಲ್ಲಿ ರೂಪಕದ ಮೇಲೆ ನಿಂತಿದೆ ಎಂದು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಪರೀಕ್ಷೆಗೆ ಸ್ಥಳೀಯವಾದ ಪ್ರೇರಣೆಯೂ ಉಂಟು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಗ್ರಾಮಗಳಲ್ಲಿ ‘ಇರುಳುಗುರುಡು’ ಎಂಬ ಮಾತು ಎಲ್ಲರಿಗೂ ಪರಿಚಿತ. ಹೊತ್ತು ಮುಳುಗುವುದರೊಳಗೆ ಹೊಲದಿಂದ ಮನೆ ಸೇರಬೇಕಾದವರ ಸಂಗತಿ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರಿಗೆ ಕೇಳಿದ ಸಂಗತಿಯೇ. ಆದರೆ ಈ ಒಂದು ಮಾತಿನೊಳಗೆ ಕನಿಷ್ಠ ಎರಡು ಬೇರೆ ಬೇರೆ ರೋಗಗಳು ಅಡಗಿವೆ. ಒಂದು, ಎ ಜೀವಸತ್ವದ ಕೊರತೆಯಿಂದ ಬರತಕ್ಕದ್ದು. ಇದು ಆಹಾರದಿಂದಲೂ ಔಷಧದಿಂದಲೂ ವಾಸಿಯಾಗತಕ್ಕದ್ದು. ಮತ್ತೊಂದು, ವಂಶದಿಂದ ಬರತಕ್ಕದ್ದು. ಇದರಲ್ಲಿ ಮೊದಲು ಇರುಳಿನ ದೃಷ್ಟಿ ಕುಂದುತ್ತದೆ. ಬಳಿಕ ಅಂಚಿನ ದೃಷ್ಟಿ ಕಿರಿದಾಗುತ್ತ ಬಂದು, ಕೊಳವೆಯೊಳಗಿಂದ ನೋಡಿದಂತಾಗುತ್ತದೆ. ಕೊನೆಗೆ ನಡುವಿನ ದೃಷ್ಟಿಯೂ ಹೋಗಬಹುದು. ೧೯೭೦ರಿಂದ ದೇಶಾದ್ಯಂತ ಮಕ್ಕಳಿಗೆ ಎ ಜೀವಸತ್ವದ ದ್ರಾವಣವನ್ನು ಕೊಡುತ್ತ ಬಂದದ್ದರಿಂದ ಮೊದಲನೆಯ ಬಗೆಯ ಇರುಳುಗುರುಡು ಗಣನೀಯವಾಗಿ ತಗ್ಗಿದೆ. ಎರಡನೆಯದು ಹಾಗೆ ತಗ್ಗುವುದಲ್ಲ. ಮಾತು ಒಂದೇ ಆದುದರಿಂದ, ಎರಡನೆಯ ಬಗೆಯವರೂ ‘ಶಕ್ತಿಯ ಕೊರತೆ’ಯೆಂಬ ಸಮಾಧಾನದಲ್ಲಿ ಬೆಲೆಯುಳ್ಳ ವರ್ಷಗಳನ್ನು ಕಳೆಯುವುದುಂಟು. ಪದದ ಗೊಂದಲವು ಕಾರಣದ ಗೊಂದಲವಾಗಿ, ಕಾರಣದ ಗೊಂದಲವು ಬಾಳಿನ ನಷ್ಟವಾಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

೨

ಹೆಸರಿನ ಗೊಂದಲವು ನಮ್ಮ ಭಾಷೆಯೊಂದರ ದೋಷವಲ್ಲ. ೧೮೫೧ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ಒಳಗನ್ನು ನೋಡುವ ಯಂತ್ರವನ್ನು ರೂಪಿಸಿದ ಮೇಲೆ, ಜೀವಂತ ಮನುಷ್ಯನ ಅಕ್ಷಿಪಟಲವನ್ನು ಕಾಣುವುದು ಸಾಧ್ಯವಾಯಿತು. ಅಲ್ಲಿ ಕಂಡ ಕಪ್ಪು ಚುಕ್ಕೆಗಳನ್ನು ಅನುಸರಿಸಿ ಹಾಲೆಂಡಿನ ಡಾಂಡರ್ಸ್ ೧೮೫೭ರಲ್ಲಿ ಈ ರೋಗಕ್ಕೆ ‘ರೆಟಿನೈಟಿಸ್ ಪಿಗ್ಮೆಂಟೋಸ’ ಎಂದು ಹೆಸರಿಟ್ಟನು. ಆ ಹೆಸರಿನ ಮೊದಲ ಪದಕ್ಕೆ ಅಕ್ಷಿಪಟಲದ ಉರಿಯೂತ ಎಂದರ್ಥ. ಆದರೆ ರೋಗದ ಮೂಲ ಉರಿಯೂತವಲ್ಲ, ವಂಶವಾಹಿಯ ದೋಷ. ಕಪ್ಪು ಚುಕ್ಕೆಗಳೂ ರೋಗದ ಕಾರಣವಲ್ಲ. ಬೆಳಕುಗ್ರಾಹಿ ಕೋಶಗಳು ಅಳಿದ ಮೇಲೆ ಅವುಗಳ ಹಿಂದಿನ ವರ್ಣಕಪದರದ ಕೋಶಗಳು ಸ್ಥಾನ ಬಿಟ್ಟು ಒಳಕ್ಕೆ ಸರಿದುದರ ಗುರುತು ಅವು. ಯುದ್ಧ ಮುಗಿದ ಮೇಲೆ ನೆಟ್ಟ ವೀರಗಲ್ಲನ್ನೇ ಯುದ್ಧದ ಕಾರಣವೆಂದು ತಿಳಿದಂತೆ, ಮೊದಲ ಹೆಸರು ಪರಿಣಾಮವನ್ನು ಕಾರಣದ ಸ್ಥಾನದಲ್ಲಿ ಕೂರಿಸಿತು.

ಸುಮಾರು ನೂರು ವರ್ಷಗಳ ಕಾಲ ವೈದ್ಯರ ಬಳಿಯಿದ್ದ ಸಾಕ್ಷ್ಯ ಇಂಥದೇ ಆಗಿತ್ತು: ಕೊನೆಯ ಹಂತದ ಕಣ್ಣುಗಳು, ಮೃತರ ಕಣ್ಣಿನಿಂದ ಕೊಯ್ದ ಪದರಗಳು. ಪದರವೊಂದು ಶಾಸನವಿದ್ದಂತೆ. ಅದು ಒಂದು ಕ್ಷಣವನ್ನು ಹೇಳುತ್ತದೆ, ಪ್ರಕ್ರಿಯೆಯನ್ನು ಹೇಳುವುದಿಲ್ಲ. ಪ್ರಕ್ರಿಯೆಯನ್ನು ಅರಿಯಲು ಪ್ರಾಣಿಗಳ ಕಣ್ಣು ಬೇಕಾಯಿತು. ೧೯೨೪ರಲ್ಲಿ ಅಮೆರಿಕದ ಕೀಲರ್ ದಂಡಕೋಶಗಳಿಲ್ಲದ ಇಲಿಮರಿಗಳನ್ನು ಗುರುತಿಸಿದನು. ೧೯೩೮ರಲ್ಲಿ ಮತ್ತೊಂದು ಜಾತಿಯ ಇಲಿಯಲ್ಲಿ ವಂಶಾನುಗತ ಕ್ಷಯ ಕಂಡುಬಂದಿತು. ೧೯೬೨ರಲ್ಲಿ ಡೌಲಿಂಗ್ ಮತ್ತು ಸಿಡ್‌ಮನ್ ಆ ಕ್ಷಯದ ಹಂತಗಳನ್ನು ವಿವರವಾಗಿ ಬಣ್ಣಿಸಿದರು. ೧೯೬೬ರಲ್ಲಿ ನೋಯೆಲ್ ಮತ್ತು ಸಂಗಡಿಗರು ಅತಿಯಾದ ಬೆಳಕೇ ದೋಷವಿಲ್ಲದ ಇಲಿಯ ಅಕ್ಷಿಪಟಲವನ್ನು ಕೆಡಿಸಬಲ್ಲದೆಂದು ತೋರಿಸಿದರು. ಹೀಗೆ ಈ ಶಾಸ್ತ್ರವು ಸ್ಮಾರಕಗಳ ಅಧ್ಯಯನದಿಂದ ಘಟನೆಗಳ ಅಧ್ಯಯನಕ್ಕೆ ಏರಿತು.

೩

ಮುಂದಿನ ವಿಚಾರಕ್ಕೆ ಕೋಶದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. ಮನುಷ್ಯನ ಒಂದೊಂದು ಕಣ್ಣಿನಲ್ಲಿ ಒಂಬತ್ತರಿಂದ ಹನ್ನೆರಡು ಕೋಟಿ ದಂಡಕೋಶಗಳೂ ಸುಮಾರು ಐವತ್ತು ಅರುವತ್ತು ಲಕ್ಷ ಶಂಕುಕೋಶಗಳೂ ಇರುತ್ತವೆ. ದಂಡಕೋಶಗಳು ಮಂದವಾದ ಬೆಳಕಿನಲ್ಲಿಯೂ, ಶಂಕುಕೋಶಗಳು ಹಗಲಿನಲ್ಲಿ, ಬಣ್ಣಗಳಲ್ಲಿ, ಓದುಬರಹದ ಸೂಕ್ಷ್ಮದೃಷ್ಟಿಯಲ್ಲಿಯೂ ಕೆಲಸ ಮಾಡುತ್ತವೆ. ದಂಡಕೋಶದ ಹೊರತುದಿಯಲ್ಲಿ ಬಿಲ್ಲೆಗಳು ಒಂದರ ಮೇಲೊಂದು ಒಟ್ಟಿದಂತಿದ್ದು, ಅವುಗಳಲ್ಲಿ ರೊಡಾಪ್ಸಿನ್ ಎಂಬ ಬೆಳಕುಗ್ರಾಹಿ ಪ್ರೋಟೀನು ತುಂಬಿರುತ್ತದೆ. ಹಳೆಯ ಬಿಲ್ಲೆಗಳು ತುದಿಯಿಂದ ಉದುರುತ್ತ, ಹೊಸವು ಬುಡದಿಂದ ಏರುತ್ತ, ಸುಮಾರು ಹತ್ತು ದಿನಗಳಲ್ಲಿ ಇಡೀ ಹೊರತುದಿಯೇ ಹೊಸತಾಗುತ್ತದೆ. ಉದುರಿದುದನ್ನು ಹಿಂದಿನ ವರ್ಣಕಪದರವು ನುಂಗಿ ಅರಗಿಸುತ್ತದೆ.

ಈ ಕೋಶದ ವೈಚಿತ್ರ್ಯವೊಂದನ್ನು ವಾಚಕರು ಗಮನಿಸಬೇಕು. ಅದು ಕತ್ತಲಲ್ಲಿ ವಿರಮಿಸುವುದಿಲ್ಲ, ಕತ್ತಲಲ್ಲಿಯೇ ಹೆಚ್ಚು ದುಡಿಯುತ್ತದೆ. ಕತ್ತಲಲ್ಲಿ ಸಿಜಿಎಂಪಿ ಎಂಬ ಅಣುವು ಕೋಶದ ಹೊದಿಕೆಯ ಬಾಗಿಲುಗಳನ್ನು ತೆರೆದಿಡುತ್ತದೆ. ಅವುಗಳ ಮೂಲಕ ಸೋಡಿಯಂ, ಕ್ಯಾಲ್ಸಿಯಂ ಕಣಗಳು ಒಳಹರಿಯುತ್ತವೆ. ಅವನ್ನು ಹೊರದೂಡಲು ಕೋಶವು ಎಡೆಬಿಡದೆ ಶಕ್ತಿಯನ್ನು ವ್ಯಯಿಸಬೇಕು. ಬೆಳಕು ಬಿದ್ದಾಗ ರೊಡಾಪ್ಸಿನ್ ಚೇತನಗೊಂಡು, ಸಿಜಿಎಂಪಿಯನ್ನು ಒಡೆಯುವ ಕಿಣ್ವವನ್ನು ಎಬ್ಬಿಸುತ್ತದೆ, ಬಾಗಿಲುಗಳು ಮುಚ್ಚುತ್ತವೆ. ಈ ಮುಚ್ಚುವಿಕೆಯೇ ಮಿದುಳಿಗೆ ಸಂದೇಶ. ಇಷ್ಟು ಬಿಗಿಯಾದ ಆಯವ್ಯಯದಲ್ಲಿ ಬದುಕುವ ಕೋಶಕ್ಕೆ ಸಣ್ಣ ದೋಷವೂ ಮಾರಕವಾಗುವುದು ಆಶ್ಚರ್ಯವಲ್ಲ.

ದೋಷಗಳಾದರೋ ಒಂದೆರಡಲ್ಲ. ೧೯೮೯ರಲ್ಲಿ ಐರ್ಲೆಂಡಿನ ಒಂದು ದೊಡ್ಡ ಕುಟುಂಬದ ವಂಶಾವಳಿಯನ್ನು ಅನುಸರಿಸಿ ರೋಗದ ಸ್ಥಾನವನ್ನು ಮೂರನೆಯ ವರ್ಣತಂತುವಿನಲ್ಲಿ ಗುರುತಿಸಲಾಯಿತು. ೧೯೯೦ರಲ್ಲಿ ಅಮೆರಿಕದ ಡ್ರೈಜ ಮತ್ತು ಸಂಗಡಿಗರು ರೊಡಾಪ್ಸಿನ್ನಿನ ಇಪ್ಪತ್ತಮೂರನೆಯ ಸ್ಥಾನದಲ್ಲಿ ಪ್ರೋಲೀನಿನ ಬದಲು ಹಿಸ್ಟಿಡೀನ್ ಬಂದಿರುವುದನ್ನು ಕಂಡರು. ಹೀಗೆ ಬದಲಾದ ಪ್ರೋಟೀನು ಸರಿಯಾಗಿ ಮಡಚಿಕೊಳ್ಳಲಾರದೆ ಕೋಶದ ಒಳಗೇ ಸಿಕ್ಕಿ ನಿಲ್ಲುತ್ತದೆ. ಅದೇ ವರ್ಷ, ಬಹುಕಾಲದಿಂದ ಪ್ರಯೋಗಶಾಲೆಗಳಲ್ಲಿ ಸಾಕಿಬಂದ ಇಲಿಜಾತಿಯ ಕ್ಷಯಕ್ಕೆ ಸಿಜಿಎಂಪಿಯನ್ನು ಒಡೆಯುವ ಕಿಣ್ವದ ದೋಷವೇ ಮೂಲವೆಂದು ತಿಳಿದುಬಂದಿತು. ಆ ಇಲಿಗಳಲ್ಲಿ ಕೋಶಗಳು ಸಾಯುವ ಮೊದಲೇ ಸಿಜಿಎಂಪಿ ಏರುವುದನ್ನು ಫಾರ್ಬರ್ ಮತ್ತು ಲಾಲಿ ೧೯೭೪ರಲ್ಲಿಯೇ ತೋರಿಸಿದ್ದರು. ೧೯೩೮ರ ಇಲಿಜಾತಿಯಲ್ಲಿ ದೋಷವು ಬೆಳಕುಗ್ರಾಹಿ ಕೋಶದಲ್ಲಿಯೇ ಇರಲಿಲ್ಲ. ಉದುರಿದ ತುದಿಗಳನ್ನು ನುಂಗಬೇಕಾದ ವರ್ಣಕಪದರವು ಆ ಶಕ್ತಿಯನ್ನು ಕಳೆದುಕೊಂಡಿತ್ತು. ಅದಕ್ಕೆ ಹೊಣೆಯಾದ ವಂಶವಾಹಿ ಯಾವುದೆಂಬುದು ೨೦೦೦ದಲ್ಲಿ ಖಚಿತವಾಯಿತು. ಈಗ ರೆಟಿನೈಟಿಸ್ ಪಿಗ್ಮೆಂಟೋಸವೊಂದಕ್ಕೇ ಎಂಬತ್ತಕ್ಕೂ ಮಿಕ್ಕ ವಂಶವಾಹಿಗಳ ಸಂಬಂಧ ತಿಳಿದಿದೆ.

೪

ಇಲ್ಲಿಯೇ ವಿಮರ್ಶೆಗೆ ಯೋಗ್ಯವಾದ ಪ್ರಶ್ನೆ ಏಳುತ್ತದೆ. ಕಾರಣಗಳು ಎಂಬತ್ತಾದರೆ, ಮರಣದ ದಾರಿಯೂ ಎಂಬತ್ತೋ? ಅಥವಾ ಹಲವು ಹಳ್ಳಗಳು ಒಂದೇ ಹೊಳೆಗೆ ಸೇರುವಂತೆ ಎಲ್ಲ ದೋಷಗಳೂ ಕೊನೆಗೆ ಒಂದೇ ದಾರಿಯನ್ನು ಹಿಡಿಯುವುವೋ?

೧೯೭೨ರಲ್ಲಿ ಕೆರ್, ವೈಲಿ, ಕರೀ ಎಂಬ ಮೂವರು, ಕೋಶವು ಒಡೆದು ಚೆಲ್ಲದೆ, ತಾನಾಗಿ ಕುಗ್ಗಿ ತುಂಡಾಗಿ ಸಾಯುವ ಒಂದು ಬಗೆಯನ್ನು ವರ್ಣಿಸಿ ಅದಕ್ಕೆ ‘ಅಪೊಪ್ಟೋಸಿಸ್’ ಎಂದು ಹೆಸರಿಟ್ಟರು. ಗಿಡದಿಂದ ಎಲೆ ಉದುರುವುದನ್ನು ಸೂಚಿಸುವ ಈ ಗ್ರೀಕ್ ಪದವನ್ನು ಅವರಿಗೆ ಒದಗಿಸಿದವನು ಅಬರ್ಡೀನಿನ ಗ್ರೀಕ್ ಭಾಷೆಯ ಪ್ರಾಧ್ಯಾಪಕನಾದ ಕಾರ್ಮ್ಯಾಕ್. ೧೯೯೩ ಮತ್ತು ೧೯೯೪ರಲ್ಲಿ ಪ್ರಕಟವಾದ ಅಧ್ಯಯನಗಳು ಬೇರೆ ಬೇರೆ ದೋಷಗಳುಳ್ಳ ಇಲಿಗಳ ಅಕ್ಷಿಪಟಲದಲ್ಲಿ ಈ ಬಗೆಯ ಮರಣದ ಚಿಹ್ನೆಗಳನ್ನು ತೋರಿಸಿದವು. ಅಲ್ಲಿಂದ ‘ಎಲ್ಲರಿಗೂ ಸಮಾನವಾದ ಕೊನೆಯ ದಾರಿ’ ಎಂಬ ಸಿದ್ಧಾಂತ ಪ್ರಬಲವಾಯಿತು. ಅದರ ಆಕರ್ಷಣೆ ಸುಲಭವಾಗಿ ಅರ್ಥವಾಗತಕ್ಕದ್ದು: ದಾರಿ ಒಂದೇ ಆದರೆ, ಅದನ್ನು ಕಟ್ಟಿದ ಒಂದೇ ಔಷಧವು ಎಲ್ಲರ ಕಣ್ಣನ್ನೂ ಉಳಿಸೀತು.

ಆದರೆ ಈ ಸಿದ್ಧಾಂತಕ್ಕೆ ಆಧಾರವಾದ ಸಾಕ್ಷ್ಯವನ್ನು ಪರಿಶೀಲಿಸಿದರೆ ಒಂದು ದೌರ್ಬಲ್ಯ ಕಾಣುತ್ತದೆ. ಮುಖ್ಯ ಚಿಹ್ನೆಯಾಗಿ ಬಳಸಿದುದು ಕೋಶಕೇಂದ್ರದಲ್ಲಿನ ಡಿಎನ್‌ಎ ತುಂಡಾಗಿರುವುದನ್ನು ತೋರಿಸುವ ಬಣ್ಣಗಾರಿಕೆ. ಡಿಎನ್‌ಎ ತುಂಡಾಗುವುದು ಅಪೊಪ್ಟೋಸಿಸ್‌ನಲ್ಲಿ ಮಾತ್ರವಲ್ಲ, ಬೇರೆ ಬಗೆಯ ಮರಣಗಳಲ್ಲಿಯೂ ಉಂಟು. ಎಲ್ಲ ಸತ್ತವರಿಗೂ ಉಸಿರು ನಿಂತಿದೆಯೆಂಬ ಮಾತ್ರದಿಂದ ಎಲ್ಲರೂ ಒಂದೇ ರೋಗದಿಂದ ಸತ್ತರೆಂದು ಹೇಳಲಾದೀತೇ? ೨೦೧೪ರಲ್ಲಿ ಯೂರೋಪಿನ ಸಂಶೋಧಕರು ಹತ್ತು ಬಗೆಯ ದೋಷಗಳುಳ್ಳ ಇಲಿಗಳನ್ನು ಒಟ್ಟಿಗೆ ಪರೀಕ್ಷಿಸಿ, ಅಪೊಪ್ಟೋಸಿಸ್‌ಗೆ ವಿಶಿಷ್ಟವಾದ ಕ್ಯಾಸ್ಪೇಸ್ ಕಿಣ್ವಗಳ ಪಾತ್ರ ಬಹುಪಾಲು ಇಲಿಗಳಲ್ಲಿ ಗೌಣವೆಂದೂ, ಸಿಜಿಎಂಪಿಯ ಏರಿಕೆ, ಕ್ಯಾಲ್ಸಿಯಂನಿಂದ ಎಚ್ಚರಗೊಳ್ಳುವ ಕ್ಯಾಲ್ಪೇನ್ ಕಿಣ್ವಗಳು, ಡಿಎನ್‌ಎ ದುರಸ್ತಿಗೆ ಸಂಬಂಧಿಸಿದ ಪಾರ್ಪ್ ಎಂಬ ಕಿಣ್ವದ ಅತಿಚಟುವಟಿಕೆ ಇವೇ ಹೆಚ್ಚು ಸಾಮಾನ್ಯವೆಂದೂ ತೋರಿಸಿದರು. ಇಪ್ಪತ್ತು ವರ್ಷಗಳ ಕಾಲ ಪಠ್ಯಪುಸ್ತಕಗಳಲ್ಲಿ ನೆಲೆಸಿದ್ದ ನಿರ್ಣಯವು ಇದರಿಂದ ಬಹಳವಾಗಿ ಸಡಿಲಗೊಂಡಿತು.

ಆದರೂ ಇಲ್ಲಿ ಎರಡು ಮಾತುಗಳನ್ನು ಹೇಳಬೇಕಾಗಿದೆ. ಮೊದಲನೆಯದು: ಹೊಸ ಮತವೂ ‘ಸಮಾನವಾದ ದಾರಿ’ ಎಂಬ ಹಳೆಯ ಆಸೆಯನ್ನು ಬಿಟ್ಟುಕೊಟ್ಟಿಲ್ಲ, ದಾರಿಯ ಹೆಸರನ್ನು ಮಾತ್ರ ಬದಲಾಯಿಸಿದೆ. ಮಡಚಿಕೊಳ್ಳದ ರೊಡಾಪ್ಸಿನ್ನಿನಿಂದ ನರಳುವ ಕೋಶಕ್ಕೂ, ತುದಿಗಳ ಕಸದ ನಡುವೆ ಉಸಿರುಗಟ್ಟುವ ಕೋಶಕ್ಕೂ ಒಂದೇ ಚರಿತ್ರೆ ಇರಲೇಬೇಕೆಂದು ಭಾವಿಸಲು ಕಾರಣವಿಲ್ಲ. ಎರಡನೆಯದು: ಕನ್ನಡದ ಜನಪ್ರಿಯ ವಿಜ್ಞಾನ ಬರವಣಿಗೆಯಲ್ಲಿ ಅಪೊಪ್ಟೋಸಿಸ್‌ಗೆ ‘ಕೋಶದ ಆತ್ಮಹತ್ಯೆ’ ಎಂಬ ಅನುವಾದ ರೂಢಿಯಾಗುತ್ತ ಬಂದಿದೆ. ಈ ರೂಪಕ ಇಂಗ್ಲಿಷಿನಿಂದ ಬಂದದ್ದು. ಅದು ಇಚ್ಛೆಯಿಲ್ಲದ ವಸ್ತುವಿಗೆ ಇಚ್ಛೆಯನ್ನು ಆರೋಪಿಸುತ್ತದೆ. ಹೊರಗಿನ ಕಾರಣಗಳನ್ನು, ಅಂದರೆ ಬೆಳಕು, ಆಮ್ಲಜನಕ, ಆಹಾರ, ನೆರೆಯ ಕೋಶಗಳು ಇವನ್ನು, ಕಣ್ಣಿಗೆ ಮರೆಮಾಡುತ್ತದೆ. ಎಲೆ ಉದುರುವ ಮೂಲ ರೂಪಕವೇ ಇದಕ್ಕಿಂತ ಪ್ರಾಮಾಣಿಕವಾದುದು. ‘ಉದುರುಮರಣ’ ಎಂದರೂ ಸಲ್ಲುತ್ತದೆ.

೫

ಕಾಲದ ಪ್ರಶ್ನೆ ಕಾರಣದ ಪ್ರಶ್ನೆಗಿಂತ ಕಡಿಮೆ ಮಹತ್ವದ್ದಲ್ಲ. ದೋಷವು ಹುಟ್ಟಿನಿಂದಲೇ ಪ್ರತಿಯೊಂದು ಕೋಶದಲ್ಲಿಯೂ ಇರುವಾಗ, ಕೆಲವು ಕೋಶಗಳು ಬೇಗನೆ, ಕೆಲವು ದಶಕಗಳ ಬಳಿಕ ಸಾಯುವುದೇಕೆ? ಸಹಜವಾಗಿ ತೋರುವ ಉತ್ತರವೆಂದರೆ, ಹಾನಿ ಕ್ರಮೇಣ ಕೂಡುತ್ತ ಬಂದು ಒಂದು ಮಿತಿಯನ್ನು ಮೀರಿದಾಗ ಕೋಶ ಸಾಯುತ್ತದೆ ಎಂಬುದು. ವಿಜಯನಗರದ ಪತನಕ್ಕೆ ಕಾರಣಗಳನ್ನು ಪಟ್ಟಿಮಾಡಿ, ಅವೆಲ್ಲ ಕೂಡಿ ೧೫೬೫ರಲ್ಲಿ ಸ್ಫೋಟಗೊಂಡವೆಂದು ನಮ್ಮ ಪರೀಕ್ಷಾ ಉತ್ತರಪತ್ರಿಕೆಗಳು ಬರೆಯುವುದೂ ಇದೇ ಮಾದರಿಯಲ್ಲಿ. ಆದರೆ ೨೦೦೦ದಲ್ಲಿ ಕೆನಡದ ಕ್ಲಾರ್ಕ್ ಮತ್ತು ಸಂಗಡಿಗರು ಕೋಶಗಳ ಸಂಖ್ಯೆ ಇಳಿಯುವ ಕ್ರಮವನ್ನು ಲೆಕ್ಕಹಾಕಿ ಬೇರೊಂದು ನಿರ್ಣಯಕ್ಕೆ ಬಂದರು. ಹಾನಿ ಕೂಡುತ್ತ ಬರುವುದಾದರೆ, ಕಾಲ ಕಳೆದಂತೆ ಉಳಿದ ಕೋಶಗಳು ಸಾಯುವ ಸಂಭವ ಹೆಚ್ಚಬೇಕು. ವಸ್ತುಸ್ಥಿತಿ ಹಾಗಿಲ್ಲ. ನೂರು ಕೋಶಗಳಲ್ಲಿ ಒಂದು ಅವಧಿಗೆ ಹತ್ತು ಸತ್ತರೆ, ಮುಂದಿನ ಅವಧಿಗೆ ಉಳಿದ ತೊಂಬತ್ತರಲ್ಲಿ ಒಂಬತ್ತು ಸಾಯುತ್ತವೆ, ಅದರ ಮುಂದೆ ಎಂಬತ್ತೊಂದರಲ್ಲಿ ಎಂಟು. ಸಂಭವ ಏರದೆ, ಒಂದೇ ಸಮನೆ ಇರುತ್ತದೆ ಅಥವಾ ತಗ್ಗುತ್ತದೆ. ಅಂದರೆ ಇಂದು ಬದುಕಿರುವ ಕೋಶವು ಅರ್ಧ ಸತ್ತ ಕೋಶವಲ್ಲ. ಅದು ನಿನ್ನೆ ಇದ್ದಷ್ಟೇ ಆರೋಗ್ಯದಿಂದಿದ್ದು, ಯಾವಾಗ ಬೇಕಾದರೂ ಬೀಳಬಹುದಾದ ಒಂದೇ ಪೆಟ್ಟಿನ ಭಯದಲ್ಲಿರುತ್ತದೆ.

ಈ ಮತದಿಂದ ಹೊಮ್ಮುವ ಆಶಯ ದೊಡ್ಡದು. ರೋಗವು ಎಷ್ಟೇ ಮುಂದುವರಿದಿರಲಿ, ಉಳಿದಿರುವ ಕೋಶಗಳನ್ನು ಕಾಪಾಡಬಹುದೆಂಬ ಭರವಸೆ ಅದರಲ್ಲಿದೆ. ಆದರೆ ಎರಡು ಸಾಕ್ಷ್ಯಗಳು ಅದನ್ನು ಮಿತಗೊಳಿಸುತ್ತವೆ. ೧೯೯೩ರಲ್ಲಿ, ದೋಷವುಳ್ಳ ಮತ್ತು ದೋಷವಿಲ್ಲದ ಕೋಶಗಳು ಬೆರೆತಿರುವ ಅಕ್ಷಿಪಟಲವುಳ್ಳ ಇಲಿಗಳನ್ನು ಸೃಷ್ಟಿಸಿ ನೋಡಿದಾಗ, ದೋಷವಿಲ್ಲದ ಕೋಶಗಳೂ ನೆರೆಯವುಗಳ ಜೊತೆಯಲ್ಲಿಯೇ ಅಳಿದವು. ಕೋಶವು ಒಂಟಿಯಾಗಿ ಸಾಯುವುದಿಲ್ಲ, ನೆರೆಹೊರೆಯಲ್ಲಿ ಸಾಯುತ್ತದೆ. ಆದುದರಿಂದ ಒಂದೊಂದು ಕೋಶವನ್ನೂ ಸ್ವತಂತ್ರ ಘಟಕವೆಂದು ಎಣಿಸುವ ಲೆಕ್ಕವು ಸಂಪೂರ್ಣವಾಗಲಾರದು. ಎರಡನೆಯದು ಮನುಷ್ಯರಿಂದಲೇ ಬಂದ ಸಾಕ್ಷ್ಯ. ಆರ್‌ಪಿಇ೬೫ ಎಂಬ ವಂಶವಾಹಿಯ ದೋಷವುಳ್ಳವರ ಕಣ್ಣಿಗೆ ಸರಿಯಾದ ವಂಶವಾಹಿಯನ್ನು ಸೇರಿಸುವ ಚಿಕಿತ್ಸೆಗೆ ೨೦೧೭ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದಕ್ಕೆ ನಾಲ್ಕು ವರ್ಷ ಮೊದಲೇ, ೨೦೧೩ರಲ್ಲಿ, ಅಂಥ ಚಿಕಿತ್ಸೆ ಪಡೆದವರನ್ನು ವರ್ಷಗಟ್ಟಲೆ ಅನುಸರಿಸಿದ ಒಂದು ತಂಡವು, ದೃಷ್ಟಿ ಉತ್ತಮಗೊಂಡರೂ ಕೋಶಗಳ ಅಳಿವು ಮೊದಲಿನಂತೆಯೇ ಮುಂದುವರಿದುದನ್ನು ವರದಿಮಾಡಿತ್ತು. ಮೂಲಕಾರಣವನ್ನು ತೆಗೆದ ಮಾತ್ರಕ್ಕೆ, ಆಗಲೇ ಹೊರಟ ಪ್ರಕ್ರಿಯೆ ನಿಲ್ಲುವುದೆಂಬ ನಿಯಮವಿಲ್ಲ. ಮೂಲಕಾರಣ ಮತ್ತು ಮುಂದುವರಿಕೆಯ ಕಾರಣ ಬೇರೆ ಬೇರೆ ಎಂಬ, ಇತಿಹಾಸಕಾರರಿಗೆ ಚಿರಪರಿಚಿತವಾದ ಭೇದವು ಇಲ್ಲಿ ಅತ್ಯಾವಶ್ಯಕವಾಗುತ್ತದೆ. ಒಂದೇ ಪೆಟ್ಟಿನ ಮತವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಅದು ಮರಣದ ಗತಿಯ ವರ್ಣನೆಯೇ ಹೊರತು ಮರಣದ ಕಾರಣದ ನಿರೂಪಣೆಯಲ್ಲವೆಂದು ಹೇಳಬೇಕಾಗಿದೆ.

ಮತ್ತೊಂದು ಎಚ್ಚರಿಕೆಯೂ ಬೇಕು. ಪ್ರಯೋಗದ ಇಲಿಯಲ್ಲಿ ಹುಟ್ಟಿದ ಮೂರು ವಾರಗಳೊಳಗೆ ದಂಡಕೋಶಗಳು ಬಹುತೇಕ ಅಳಿಯುತ್ತವೆ. ಮನುಷ್ಯನಲ್ಲಿ ಅದಕ್ಕೆ ಮೂರು ನಾಲ್ಕು ದಶಕಗಳು ಹಿಡಿಯಬಹುದು. ವಾರಗಳ ಚರಿತ್ರೆಯನ್ನು ಹಿಗ್ಗಿಸಿ ದಶಕಗಳ ಚರಿತ್ರೆಯನ್ನು ಬರೆಯುವುದು, ಒಂದು ದಂಗೆಯ ವೃತ್ತಾಂತದಿಂದ ಒಂದು ರಾಜ್ಯದ ಚರಿತ್ರೆಯನ್ನು ಊಹಿಸಿದಂತೆ.

೬

ಈ ರೋಗದಲ್ಲಿ ಅತ್ಯಂತ ಕರುಣಾಜನಕವೂ ವಿಚಾರದ ದೃಷ್ಟಿಯಿಂದ ಅತ್ಯಂತ ಫಲಪ್ರದವೂ ಆದ ಭಾಗವೆಂದರೆ ಶಂಕುಕೋಶಗಳ ಮರಣ. ಅನೇಕ ಪ್ರಕರಣಗಳಲ್ಲಿ ದೋಷವಿರುವುದು ದಂಡಕೋಶಗಳಿಗೆ ಮಾತ್ರ ಬೇಕಾದ ವಂಶವಾಹಿಯಲ್ಲಿ. ಶಂಕುಕೋಶಗಳು ಆ ಪ್ರೋಟೀನನ್ನು ಬಳಸುವುದೇ ಇಲ್ಲ. ಆದರೂ ದಂಡಕೋಶಗಳು ಅಳಿದ ಮೇಲೆ ನಿರಪರಾಧಿಗಳಾದ ಇವೂ ಅಳಿಯುತ್ತವೆ. ಇರುಳಿನ ದೃಷ್ಟಿ ಮಾತ್ರ ಹೋಗಿದ್ದರೆ ಮನುಷ್ಯ ಹೇಗಾದರೂ ಬಾಳುವೆ ನಡೆಸಿಯಾನು. ಓದು, ಮುಖಪರಿಚಯ, ಹಗಲಿನ ನಡೆ ಇವೆಲ್ಲ ಹೋಗುವುದು ಈ ಎರಡನೆಯ ಅಳಿವಿನಿಂದ.

ಇದಕ್ಕೆ ಹಲವು ವಿವರಣೆಗಳಿವೆ. ೨೦೦೪ರಲ್ಲಿ ಫ್ರಾನ್ಸಿನ ಲೆವೆಯಾರ್ ಮತ್ತು ಸಂಗಡಿಗರು, ದಂಡಕೋಶಗಳು ಸ್ರವಿಸಿ ಶಂಕುಕೋಶಗಳನ್ನು ಪೋಷಿಸುವ ಒಂದು ಪ್ರೋಟೀನನ್ನು ಗುರುತಿಸಿದರು. ಅದು ಶಂಕುಕೋಶದೊಳಕ್ಕೆ ಗ್ಲೂಕೋಸಿನ ಪ್ರವೇಶವನ್ನು ಹೆಚ್ಚಿಸುವ ಮೂಲಕ ಕೆಲಸ ಮಾಡುತ್ತದೆಂದು ೨೦೧೫ರಲ್ಲಿ ತಿಳಿದುಬಂದಿತು. ೨೦೦೯ರಲ್ಲಿ ಪುಂಜೊ, ಸೆಪ್ಕೊ ಮೊದಲಾದವರು, ನಾಲ್ಕು ಬಗೆಯ ಇಲಿಗಳಲ್ಲಿ ಸಾಯುತ್ತಿರುವ ಶಂಕುಕೋಶಗಳು ಹಸಿವಿನ ಲಕ್ಷಣಗಳನ್ನು ತೋರಿಸುತ್ತವೆಂದು ಕಂಡರು. ಇನ್ನೊಂದು ಮತದಂತೆ, ಆಮ್ಲಜನಕದ ಬಹುಪಾಲನ್ನು ಬಳಸುತ್ತಿದ್ದ ದಂಡಕೋಶಗಳು ಅಳಿದ ಮೇಲೆ, ಹಿಂದಿನ ರಕ್ತನಾಳಗಳಿಂದ ಬರುವ ಆಮ್ಲಜನಕ ಕಡಿಮೆಯಾಗದೆ, ಉಳಿದವುಗಳನ್ನು ಉತ್ಕರ್ಷಣದಿಂದ ಸುಡುತ್ತದೆ. ೨೦೧೫ರಲ್ಲಿ ಮತ್ತೊಂದು ಸಂಗತಿ ಬೆಳಕಿಗೆ ಬಂತು: ಅಕ್ಷಿಪಟಲದ ಕಾವಲುಕೋಶಗಳಾದ ಮೈಕ್ರೋಗ್ಲಿಯ, ಇನ್ನೂ ಬದುಕಿರುವ ದಂಡಕೋಶಗಳನ್ನೂ ನುಂಗುತ್ತವೆ. ಉರಿಯೂತದ ಈ ಪಾತ್ರ ಸ್ಪಷ್ಟವಾದುದರಿಂದ, ೧೮೫೭ರ ತಪ್ಪು ಹೆಸರಿಗೂ ಅರ್ಧದಷ್ಟು ಸಮರ್ಥನೆ ದೊರೆತಂತಾಗಿದೆ. ಉರಿಯೂತ ಮೂಲವಲ್ಲ, ಆದರೆ ಜೊತೆಗಾರ.

ನಮ್ಮ ಜಿಲ್ಲೆಯ ವಾಚಕರಿಗೆ ಶಂಕುಕೋಶಗಳ ಸ್ಥಿತಿಯನ್ನು ವಿವರಿಸಲು ಭದ್ರಾ ನಾಲೆಯ ಕೊನೆಭಾಗದ ಜಮೀನೇ ಸಾಕು. ಮೇಲ್ಭಾಗದಲ್ಲಿ ನಾಲೆ ಕೆಟ್ಟರೆ, ತಾನೇನೂ ತಪ್ಪುಮಾಡದ ಕೊನೆಭಾಗದ ರೈತನ ಬೆಳೆ ಒಣಗುತ್ತದೆ. ಅವನ ಹೊಲದ ಮಣ್ಣನ್ನು ಎಷ್ಟು ಪರೀಕ್ಷಿಸಿದರೂ ಕಾರಣ ಸಿಕ್ಕುವುದಿಲ್ಲ. ಆದರೆ ಉಪಮೆಯ ಮಿತಿಯನ್ನೂ ಹೇಳಬೇಕು. ನೀರು ಬಾರದ ಹೊಲ ಒಣಗುವುದು ಒಂದೇ ಕಾರಣದಿಂದ. ಶಂಕುಕೋಶವಾದರೋ ಆಹಾರದ ಕೊರತೆ ಮತ್ತು ಆಮ್ಲಜನಕದ ಅತಿರೇಕ, ಬರ ಮತ್ತು ನೆರೆ ಎರಡನ್ನೂ ಏಕಕಾಲದಲ್ಲಿ ಅನುಭವಿಸುತ್ತದೆ. ಈ ಎರಡನೆಯ ಮರಣವನ್ನು ತಡೆಯುವ ಪ್ರಯತ್ನಕ್ಕೆ ಮೂಲ ವಂಶವಾಹಿ ಯಾವುದೆಂಬುದು ಅಷ್ಟು ಮುಖ್ಯವಲ್ಲ. ಆದುದರಿಂದ ಎಂಬತ್ತು ಕಾರಣಗಳಿಗೆ ಸಮಾನವಾದ ದಾರಿಯೊಂದು ಇರುವುದೇ ಆದರೆ, ಅದನ್ನು ದಂಡಕೋಶದ ಮರಣದಲ್ಲಿ ಹುಡುಕುವುದಕ್ಕಿಂತ ಶಂಕುಕೋಶದ ಮರಣದಲ್ಲಿ ಹುಡುಕುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

೭

ಇಷ್ಟು ಸೂಕ್ಷ್ಮವಾದ ಈ ವಿಚಾರಪರಂಪರೆಯಲ್ಲಿ ನಮಗೆ ಎದ್ದು ಕಾಣುವ ಕೊರತೆಯೊಂದಿದೆ. ಕೋಶದ ಚರಿತ್ರೆ ಬೆಳೆದಿದೆ, ಕುಟುಂಬದ ಚರಿತ್ರೆ ಅದರ ಜೊತೆಗೆ ಬೆಳೆದಿಲ್ಲ. ರೆಟಿನೈಟಿಸ್ ಪಿಗ್ಮೆಂಟೋಸ ಪ್ರಪಂಚದಲ್ಲಿ ಸುಮಾರು ೪೦೦೦ ಜನರಲ್ಲಿ ಒಬ್ಬರಿಗೆ ಬರುತ್ತದೆಂಬುದು ಸಾಮಾನ್ಯ ಲೆಕ್ಕ. ದಕ್ಷಿಣ ಭಾರತದಲ್ಲಿ ನಡೆದ ಸಮೀಕ್ಷೆಗಳಲ್ಲಿ ಈ ಪ್ರಮಾಣ ಅದಕ್ಕಿಂತ ಸ್ಪಷ್ಟವಾಗಿ ಹೆಚ್ಚಾಗಿ ಕಂಡುಬಂದಿದೆ. ಇದಕ್ಕೆ ಸೂಚಿಸಲಾಗುವ ಮುಖ್ಯ ಕಾರಣ ರಕ್ತಸಂಬಂಧದ ವಿವಾಹ. ೧೯೮೦ರ ದಶಕದಲ್ಲಿ ಬೆಂಗಳೂರು ಮೈಸೂರುಗಳಲ್ಲಿ ನವಜಾತ ಶಿಶುಗಳ ಪರೀಕ್ಷೆಯ ಸಂದರ್ಭದಲ್ಲಿ ಸಂಗ್ರಹಿಸಿದ ವಿವರಗಳಂತೆ ಮೂರರಲ್ಲಿ ಒಂದರಷ್ಟು ವಿವಾಹಗಳು ಬಂಧುಗಳೊಳಗೆ ನಡೆದಿದ್ದವು. ಅವುಗಳಲ್ಲಿ ಸೋದರಮಾವ ಮತ್ತು ಸೊಸೆಯರ ವಿವಾಹವೇ ಅಧಿಕ. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕರ್ನಾಟಕದ ಪ್ರಮಾಣ ಕಾಲುಭಾಗದ ಆಸುಪಾಸಿನಲ್ಲಿಯೇ ಇದೆ.

ಒಂದೇ ಪೂರ್ವಜರಿಂದ ಬಂದ ಅಡಗಿದ ದೋಷವು ತಂದೆತಾಯಿಗಳಿಬ್ಬರಲ್ಲಿಯೂ ಇದ್ದರೆ, ಇಬ್ಬರ ಕಣ್ಣೂ ಚೆನ್ನಾಗಿಯೇ ಇದ್ದು, ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವವಿರುತ್ತದೆ. ತಮ್ಮ ಕಣ್ಣು ಸರಿಯಾಗಿರುವಾಗ ಮಗನಿಗೆ ಇರುಳು ಕಾಣದಿರುವುದನ್ನು ವಂಶದ ಸಂಗತಿಯೆಂದು ತಂದೆತಾಯಿಗಳು ಒಪ್ಪದಿರುವುದು ಸಹಜ. ೧೯೯೪ರಲ್ಲಿ ಭಾರತದ ಒಂದು ಕುಟುಂಬದಲ್ಲಿ, ರೊಡಾಪ್ಸಿನ್ನಿನ ಒಂದು ಬದಲಾವಣೆಯು ಇಂಥ ಅಡಗಿದ ರೀತಿಯಲ್ಲಿಯೇ ರೋಗವನ್ನು ತರುವುದು ವರದಿಯಾಯಿತು. ಅಮೆರಿಕದಲ್ಲಿ ಒಂದೇ ಪ್ರತಿಯ ದೋಷದಿಂದ ತಲೆಮಾರು ತಲೆಮಾರಿಗೂ ಪ್ರಕಟವಾಗುವ ರೋಗ, ಇಲ್ಲಿ ಎರಡು ಪ್ರತಿಗಳು ಕೂಡಿದಾಗ ಮಾತ್ರ ಪ್ರಕಟವಾಯಿತು. ಅಣುವಿನ ವಿವರ ಎಷ್ಟು ಮುಖ್ಯವೋ ವಿವಾಹದ ವಿವರವೂ ಅಷ್ಟೇ ಮುಖ್ಯವೆಂಬುದಕ್ಕೆ ಇದು ನಿದರ್ಶನ.

ಇಲ್ಲಿ ಇತಿಹಾಸದ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವಿದೆ. ಕರ್ನಾಟಕದಲ್ಲಿ ಹೆಳವರೆಂಬ ವೃತ್ತಿಸಮುದಾಯದವರು ಒಕ್ಕಲುಗಳ ವಂಶಾವಳಿಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ವಲಸೆಯ ಚರಿತ್ರೆಗೆ ಇವು ಆಧಾರವಾಗಬಲ್ಲವೆಂಬುದು ವಿದಿತವೇ. ರೋಗಾನುಗತಿಯ ಚರಿತ್ರೆಗೂ ಇವು ಉಪಯುಕ್ತವಾದಾವು. ಆದರೆ ಆಧಾರವನ್ನು ಬಳಸುವ ಮೊದಲು ಅದರ ಪಕ್ಷಪಾತವನ್ನು ತಿಳಿಯಬೇಕು. ವಂಶಾವಳಿಗಳು ಸಾಮಾನ್ಯವಾಗಿ ಗಂಡುಸಂತತಿಯನ್ನು ಅನುಸರಿಸುತ್ತವೆ. ಅಡಗಿದ ದೋಷವು ತಾಯಿಯಿಂದಲೂ ತಂದೆಯಿಂದಲೂ ಸಮನಾಗಿ ಬರುತ್ತದೆ. ಸೋದರಮಾವನಿಗೆ ಕೊಟ್ಟ ಮಗಳ ದಾರಿಯಲ್ಲಿಯೇ ಎರಡು ಪ್ರತಿಗಳು ಕೂಡುವುದು. ಆದುದರಿಂದ ಹೆಣ್ಣುಮಕ್ಕಳ ಹೆಸರುಗಳನ್ನು, ಅವರು ಹೋದ ಊರುಗಳನ್ನು, ಮನೆಯ ಹಿರಿಯ ಹೆಂಗಸರಿಂದಲೇ ಕೇಳಿ ಬರೆದುಕೊಳ್ಳದೆ ಈ ಕೆಲಸ ಸಾಗದು. ಹಾಗೆ ಬರೆದುಕೊಂಡುದನ್ನು ಮನೆತನಕ್ಕೆ ಕಳಂಕ ಬಾರದಂತೆ, ಹೆಣ್ಣುಮಕ್ಕಳ ವಿವಾಹಕ್ಕೆ ಅಡ್ಡಿಯಾಗದಂತೆ ಗೋಪ್ಯವಾಗಿ ಕಾಪಾಡುವ ಹೊಣೆಯೂ ಅಷ್ಟೇ ದೊಡ್ಡದು.

೧೯೯೭ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಯಿತು. ಆಡಳಿತದ ಗಡಿಗಳು ಹೀಗೆ ಬದಲಾದರೂ, ಹೆಣ್ಣು ಕೊಟ್ಟು ತರುವ ಊರುಗಳ ಬಳಗ ಅಷ್ಟು ಬೇಗ ಬದಲಾಗುವುದಿಲ್ಲ. ಅಡಕೆ ತೋಟಗಳ ಚನ್ನಗಿರಿಯಲ್ಲಿಯೂ ಮಳೆಯನ್ನೇ ನಂಬಿದ ಜಗಳೂರಿನಲ್ಲಿಯೂ ಆಹಾರದ ಕೊರತೆಯಿಂದ ಬರುವ ಇರುಳುಗುರುಡಿನ ಚರಿತ್ರೆ ಬೇರೆ ಬೇರೆಯಾಗಬಹುದು. ವಂಶದಿಂದ ಬರುವ ಇರುಳುಗುರುಡು ನೀರಾವರಿಯನ್ನು ನೋಡುವುದಿಲ್ಲ, ನಂಟಸ್ತಿಕೆಯನ್ನು ನೋಡುತ್ತದೆ.

೮

ನಮ್ಮ ಕಾವ್ಯಪುರಾಣಗಳು ಹುಟ್ಟುಕುರುಡನಾದ ಧೃತರಾಷ್ಟ್ರನನ್ನು ಬಲ್ಲವು. ನಮ್ಮ ನಾಡಿನ ಚರಿತ್ರೆಯು ಗದುಗಿನ ಪಂಚಾಕ್ಷರಿ ಗವಾಯಿಗಳನ್ನೂ ಪುಟ್ಟರಾಜ ಗವಾಯಿಗಳನ್ನೂ ಗೌರವದಿಂದ ನೆನೆಯುತ್ತದೆ. ಆದರೆ ಕಣ್ಣಿದ್ದು, ವರ್ಷದಿಂದ ವರ್ಷಕ್ಕೆ ಅದನ್ನು ಕಳೆದುಕೊಳ್ಳುತ್ತ ಹೋಗುವವನ ಸ್ಥಿತಿಗೆ ನಮ್ಮಲ್ಲಿ ಪ್ರತ್ಯೇಕವಾದ ಹೆಸರೇ ಇಲ್ಲ. ಹೆಸರಿಲ್ಲದ ಕಡೆ ಗುರುತಿಲ್ಲ, ಗುರುತಿಲ್ಲದ ಕಡೆ ಚಿಕಿತ್ಸೆಯೂ ಸಲಹೆಯೂ ತಲಪುವುದಿಲ್ಲ. ಆಹಾರಮೂಲವಾದುದನ್ನು ‘ಕೊರತೆಯ ಇರುಳುಗುರುಡು’ ಎಂದೂ ವಂಶಮೂಲವಾದುದನ್ನು ‘ಕ್ಷಯದ ಇರುಳುಗುರುಡು’ ಎಂದೂ ಪಾಠಗಳಲ್ಲಿ, ಆರೋಗ್ಯ ಪ್ರಚಾರದ ಬರವಣಿಗೆಯಲ್ಲಿ ಬೇರ್ಪಡಿಸಿ ಬರೆಯುವುದು ಒಡನೆಯೇ ಮಾಡಬಹುದಾದ ಕಾರ್ಯ.

ಒಟ್ಟಿನಲ್ಲಿ ನಮ್ಮ ವಿಮರ್ಶೆಯ ಸಾರ ಇಷ್ಟು. ಬೆಳಕುಗ್ರಾಹಿ ಕೋಶದ ಮರಣಕ್ಕೆ ಏಕೈಕ ಕಾರಣವನ್ನು ಹುಡುಕುವ ಹಂಬಲ ಪದೇ ಪದೇ ವಿಫಲವಾಗಿದೆ. ದೋಷ, ಪ್ರಕ್ರಿಯೆ, ನೆರೆಯ ಪರಿಣಾಮ ಎಂಬ ಮೂರನ್ನು ಬೇರ್ಪಡಿಸಿದಾಗಲೆಲ್ಲ ವಿಚಾರ ಮುಂದೆ ಸಾಗಿದೆ. ದೋಷವನ್ನು ತಿದ್ದುವ ಚಿಕಿತ್ಸೆ ಇಂದು ಬಹಳ ಸೀಮಿತವಾಗಿ, ಅದೂ ಸಾಮಾನ್ಯ ಜನರ ಕೈಗೆಟುಕದ ಬೆಲೆಗೆ ದೊರೆಯುತ್ತದೆ. ಪ್ರಕ್ರಿಯೆಯನ್ನು ನಿಧಾನಗೊಳಿಸುವ ಔಷಧಗಳು ಪರೀಕ್ಷೆಯ ಹಂತದಲ್ಲಿವೆ. ಆದರೆ ರೋಗವನ್ನು ಬಾಲ್ಯದಲ್ಲಿಯೇ ಗುರುತಿಸುವುದು, ವಿವಾ಼ಹಕ್ಕೆ ಮೊದಲು ತಿಳಿವಳಿಕೆ ಕೊಡುವುದು, ಹಗಲಿನ ದೃಷ್ಟಿ ಉಳಿದಿರುವಾಗಲೇ ಮಗುವಿಗೆ ತಕ್ಕ ವಿದ್ಯೆಯನ್ನು ಕಲಿಸುವುದು ಇವು ಯಾವ ಹೊಸ ಶೋಧಕ್ಕೂ ಕಾಯಬೇಕಾಗಿಲ್ಲ. ತರಗತಿಯಲ್ಲಿ ಸಂಜೆಯ ಹೊತ್ತು ತಡವರಿಸುವ, ಪಕ್ಕದಲ್ಲಿ ಬಂದವರನ್ನು ಕಾಣದ ಹುಡುಗನನ್ನು ‘ಅಜಾಗರೂಕ’ ಎಂದು ಗದರಿಸುವ ಮೊದಲು ಅಧ್ಯಾಪಕರು ಒಮ್ಮೆ ಯೋಚಿಸಿ ಅವನನ್ನು ನೇತ್ರವೈದ್ಯರ ಬಳಿಗೆ ಕಳುಹಿಸಿದರೆ, ಈ ದೀರ್ಘವಾದ ಕಾರಣವಿಚಾರಕ್ಕೆ ಒಂದು ಪ್ರಯೋಜನ ದೊರೆತಂತಾಯಿತು.